ಲೋಟ ಓಡಿಸುವುದು ಆತ್ಮವಲ್ಲ, ಬೆರಳು

ಮಾನ್ಯ ಸಂಪಾದಕರೇ,

ಸತ್ತವರನ್ನು ಮಾತಾಡಿಸುತ್ತೇವೆಂದು ಪಿಜಿ, ಹಾಸ್ಟೆಲ್‌ಗಳಲ್ಲಿ ಆಡುವ ಪ್ಲಾಂಚೆಟ್ ಬಗ್ಗೆ ಎರಡು ಮಾತು. ಹಾಳೆಯ ಮೇಲೆ ಅಕ್ಷರ, ‘ಹೌದು’, ‘ಇಲ್ಲ’ ಬರೆದು, ಬೋರಲು ಹಾಕಿದ ಲೋಟಕ್ಕೆ ಮೂರ್ನಾಲ್ಕು ಜನ ಬೆರಳು ತಾಗಿಸುತ್ತಾರೆ. ಲೋಟ ಸರಿಯುವುದು ನಿಜ. ಬೇಕೆಂದೇ ಯಾರೂ ತಳ್ಳದಿರುವುದೂ ಬಹುಮಟ್ಟಿಗೆ ನಿಜ. ಚಾಚಿದ ತೋಳು ದಣಿದು ಸಣ್ಣಗೆ ನಡುಗುತ್ತದೆ. ಇಂಥ ಉತ್ತರ ಬರಬಹುದೆಂಬ ನಿರೀಕ್ಷೆಯೇ ಆ ನಡುಕಕ್ಕೆ ದಿಕ್ಕು ಕೊಡುತ್ತದೆ. ಒಬ್ಬರ ನೂಕು ಪಕ್ಕದವರಿಗೆ ‘ತಾನಾಗಿ ಓಡಿದಂತೆ’!

1853ರಲ್ಲೇ ವಿಜ್ಞಾನಿ ಮೈಕೆಲ್ ಫ್ಯಾರಡೆ, ಮೇಜಿನ ಮೇಲೆ ಕೈಯಿಟ್ಟು ಅದು ಆತ್ಮದಿಂದ ತಿರುಗುತ್ತದೆ ಎನ್ನುತ್ತಿದ್ದವರ ಕೈಯಡಿ ಮೆತ್ತನೆಯ ಅಂಟು ಹಚ್ಚಿದ ರಟ್ಟುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು. ಕೆಳಗಿನದಕ್ಕಿಂತ ಮೇಲಿನ ರಟ್ಟು ಹೆಚ್ಚು ಸರಿದಿತ್ತು. ಮೊದಲು ಹೊರಟಿದ್ದು ಕೈ, ಮೇಜಲ್ಲ.

ಅನುಮಾನವಿದ್ದರೆ ಆಡುವವರೆಲ್ಲರ ಕಣ್ಣು ಕಟ್ಟಿ, ಅವರಿಗೆ ತಿಳಿಯದಂತೆ ಹಾಳೆಯನ್ನು ಅರ್ಧ ಸುತ್ತು ತಿರುಗಿಸಿ. ಲೋಟ ಸಾಮಾನ್ಯವಾಗಿ ‘ಹೌದು’ ಮೊದಲಿದ್ದ ಜಾಗಕ್ಕೇ ಹೋಗುತ್ತದೆ, ಇಲ್ಲವೇ ಅರ್ಥವಿಲ್ಲದ ಅಕ್ಷರ ಹೆಕ್ಕುತ್ತದೆ. ಇಣುಕಲು ಮೂಗಿನ ಪಕ್ಕ ಸಂದಿ ಉಳಿದರೆ ಪರೀಕ್ಷೆ ಕೆಟ್ಟಂತೆ. ಅಲ್ಲಿ ಹತ್ತಿ ತುರುಕಿ. ಅಕ್ಷರಗಳನ್ನು ಆಡದವರೊಬ್ಬರು ಬರೆದುಕೊಳ್ಳಲಿ.

ದೆವ್ವ ಪತ್ತೆ ಹಚ್ಚುತ್ತೇವೆನ್ನುವ ಮೊಬೈಲ್ ಆ್ಯಪ್‌ಗಳಲ್ಲಿ ಕೆಲವು ಫೋನಿನ ದಿಕ್ಸೂಚಿ ಸೆನ್ಸರ್‌ನ ಅಂಕಿ ತೋರಿಸುತ್ತವೆ, ಅಷ್ಟೆ. ಕಬ್ಬಿಣದ ಬೀರು, ಸ್ಪೀಕರ್‌ ಹತ್ತಿರ ಒಯ್ದರೂ ಮುಳ್ಳು ಏರುತ್ತದೆ.

ಆಟ ಆಟವಾಗಿದ್ದರೆ ತಕರಾರಿಲ್ಲ, ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆದ ಊರು ನಮ್ಮದು. ಆದರೆ ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ಅಂಥದ್ದು ಕಂಡರೆ ಪೊಲೀಸರಿಗೆ ದೂರು ಕೊಡಿ.

– ವಿಜ್ಞಾನ ಶಿಕ್ಷಕರು, ಬಸವನಗುಡಿ, ಬೆಂಗಳೂರು