ಮುನಿಸಿಗೆ ಎಡೆಗೊಡದೆ ಸಾಕೆನ್ನುವುದು

ಲಿಥುವೇನಿಯಾಕ್ಕೆ ಬಂದ ಕೆಲವೇ ದಿನಗಳಲ್ಲಿ ನಾವೆಲ್ಲರೂ ‘ಲಬಾ ದಿಯೆನಾ’ ಎಂದು ವಂದಿಸುವುದನ್ನೂ ‘ಆಚ್ಯೂ’ ಎಂದು ಧನ್ಯವಾದ ಹೇಳುವುದನ್ನೂ ಕಲಿತುಬಿಡುತ್ತೇವೆ. ‘ಸಾಕು’ ಎನ್ನುವುದನ್ನು ಮಾತ್ರ ಬಹಳ ಮಂದಿ ವರ್ಷಗಳೇ ಕಳೆದರೂ ಕಲಿಯುವುದಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ಮತ್ತೊಂದು ಸುತ್ತು ಬಡಿಸಲು ಬಂದಾಗ, ಸಂತೆಯಲ್ಲಿ ಅಜ್ಜಿಯೊಬ್ಬರು ತಕ್ಕಡಿಗೆ ಇನ್ನೊಂದು ಹಿಡಿ ಹಣ್ಣು ಸುರಿಯುವಾಗ, ನಾವು ಇಂಗ್ಲಿಷಿನ ‘ನೋ, ನೋ’ಗೆ ಮೊರೆಹೋಗುತ್ತೇವೆ, ಇಲ್ಲವೇ ಸುಮ್ಮನೆ ಕೈಯಾಡಿಸುತ್ತೇವೆ. ಪ್ರೀತಿಯಿಂದ ಬಡಿಸುವವರಿಗೆ, ಅದರಲ್ಲಿಯೂ ಇಂಗ್ಲಿಷ್ ಬಾರದ ಹಿರಿಯರಿಗೆ, ಅದು ತಮ್ಮ ಅಡುಗೆ ರುಚಿಸಲಿಲ್ಲ ಎಂಬಂತೆ ತೋರುತ್ತದೆ. ಭಾಷಾತರಗತಿಗೆ ಸೇರಲು ಬಿಡುವಿಲ್ಲದವರೂ ಇದೊಂದನ್ನು ಕಲಿಯಲೇಬೇಕೆಂಬುದು ನನ್ನ ಆಗ್ರಹ.

ದಿನಬಳಕೆಯ ಮಾತು ಇಷ್ಟೇ: ‘ಆಚ್ಯೂ, ಮನ್ ಉಶ್ತೆಕ್ಸ್.’ ಧನ್ಯವಾದ, ನನಗೆ ಸಾಕಾಗುತ್ತದೆ. ಬರಹದಲ್ಲಿ ‘ಉಶ್ತೆಕ್ಸ್’ ಪದದ ಎರಡನೆಯ ಅಕ್ಷರ ž ಆದರೂ ಮುಂದಿನ ತಕಾರದ ಪ್ರಭಾವದಿಂದ ಕಿವಿಗೆ ಶಕಾರವೇ ಕೇಳುತ್ತದೆ. ಈ ವಾಕ್ಯದ ರಚನೆ ನಮಗೆ ಹೊಸದೇನಲ್ಲ. ‘ನನಗೆ ಸಾಕು’, ‘ನನಗೆ ಬೇಕು’ ಎನ್ನುವಲ್ಲಿ ಕನ್ನಡ ‘ನಾನು’ ಎಂಬುದನ್ನು ‘ನನಗೆ’ ಎಂದು ಮಾಡಿಕೊಳ್ಳುವಂತೆಯೇ ಲಿಥುವೇನಿಯನ್ನಿನಲ್ಲಿಯೂ ‘ಆಶ್’ ಎಂಬುದು ‘ಮನ್’ ಆಗುತ್ತದೆ. ‘ಮನ್ ರೆಯ್ಕ್ಯ’ ಎಂದರೆ ನನಗೆ ಬೇಕು. ಇಂಗ್ಲಿಷಿನ ದಾರಿಯಲ್ಲಿ ಈ ಭಾಷೆಯನ್ನು ಕಲಿಯುವವರು ಎಡವುವ ಜಾಗದಲ್ಲಿ ಕನ್ನಡಿಗರು ಸಲೀಸಾಗಿ ನಡೆಯಬಹುದು. ಏಳು ವಿಭಕ್ತಿಗಳೆಂದು ಕೇಳಿ ಹೆದರುವವರಿಗೆ ಈ ಮಾತನ್ನು ವಿಶೇಷವಾಗಿ ಹೇಳಬಯಸುತ್ತೇನೆ.

‘ಉಶ್ತೆಕ್ಸ್’ ಭವಿಷ್ಯತ್ಕಾಲದ ರೂಪವೆಂಬುದನ್ನು ಗಮನಿಸಬೇಕು. ವರ್ತಮಾನದ ‘ಉಶ್ತೆಂಕಾ’ ತಪ್ಪೇನಲ್ಲ, ಆದರೆ ಬಡಿಸುವ ಕೈಯನ್ನು ತಡೆಯುವಾಗ ಬಾಯಿಗೆ ಬರುವುದು ಹೆಚ್ಚಾಗಿ ಭವಿಷ್ಯದ ರೂಪವೇ; ‘ಇಷ್ಟಾದರೆ ಸಾಕಾದೀತು’ ಎಂಬ ಮೆದುತನ ಅದರಲ್ಲಿದೆ. ‘ಗನಾ’ ಎಂಬ ಇನ್ನೊಂದು ಪದವನ್ನು ಹೊಸಬರು ಎಚ್ಚರದಿಂದ ಬಳಸಬೇಕು. ಜಗಳವಾಡುವ ಮಕ್ಕಳಿಗೆ ತಾಯಿ ಒಂದೇ ಮಾತಿನಲ್ಲಿ ‘ಗನಾ!’ ಎಂದರೆ ‘ಸಾಕು ನಿಲ್ಲಿಸಿ’ ಎಂದೇ ಅರ್ಥ, ಅದನ್ನು ಊಟದ ಮೇಜಿಗೆ ತರಬಾರದು. ಅದೇ ಪದ ಗುಣವಾಚಕದ ಇಲ್ಲವೇ ಕ್ರಿಯಾವಿಶೇಷಣದ ಮುಂಚೆ ಬಂದಾಗ ಮೃದುವಾಗುತ್ತದೆ: ‘ಗನಾ ಗೆರಾಯ್’ ಎಂದರೆ ಸಾಕಷ್ಟು ಚೆನ್ನಾಗಿ.

ನನಗೆ ಎಲ್ಲಕ್ಕಿಂತ ಹಿಡಿಸಿರುವುದು ‘ನೆಬೆ’ ಎಂಬ ಪೂರ್ವಪ್ರತ್ಯಯ. ‘ನೆನೋರ್ಯು’ ಎಂದರೆ ನನಗೆ ಬೇಡ. ‘ನೆಬೆನೋರ್ಯು’ ಎಂದರೆ ನನಗೆ ಇನ್ನು ಬೇಡ, ಅಂದರೆ ಈವರೆಗೆ ಬೇಕಾಗಿತ್ತು, ತಿಂದೆ, ಈಗ ತೃಪ್ತಿಯಾಗಿದೆ. ನಡುವಿನ ಆ ‘ಬೆ’ ಒಂದು ಬಿಟ್ಟುಹೋದರೆ ಮಾತು ನಿರಾಕರಣೆಯಾಗುತ್ತದೆ. ಇದ್ದರೆ ಪಡೆದುದನ್ನು ನೆನೆದಂತಾಗುತ್ತದೆ. ಊಟದ ಹೊತ್ತಿನಲ್ಲಿ ಇನ್ನೂ ಹಿತವಾದದ್ದು ‘ಆಚ್ಯೂ, ನೆಬೆರೆಯ್ಕ್ಯ’, ಅದರ ಬೆನ್ನಿಗೇ ‘ಬುವೊ ಲಬಾಯ್ ಸ್ಕನು’, ಬಹಳ ರುಚಿಯಾಗಿತ್ತು. ಹೊಟ್ಟೆ ತುಂಬಿದೆ ಎನ್ನಲು ಗಂಡಸರು ‘ಸೋತುಸ್’ ಎಂದೂ ಹೆಂಗಸರು ‘ಸೋತಿ’ ಎಂದೂ ಹೇಳಬೇಕು.

ಇದೆಲ್ಲ ಪರೀಕ್ಷೆಗೊಳಗಾಗುವುದು ತ್ಸೆಪೆಲಿನಾಯ್ ತಟ್ಟೆಯ ಮುಂದೆ. ಆಲೂಗಡ್ಡೆಯ ಈ ಉದ್ದನೆಯ ಕಡುಬುಗಳಿಗೆ ಜ಼ೆಪ್ಪೆಲಿನ್ ವಾಯುನೌಕೆಯ ಆಕಾರದಿಂದ ಆ ಹೆಸರು ಬಂದಿದೆ, ಗಾತ್ರವೂ ಹೆಸರಿಗೆ ತಕ್ಕಂತೆಯೇ ಇರುತ್ತದೆ. ಸಾಮಾನ್ಯವಾಗಿ ತಟ್ಟೆಗೆ ಎರಡು ಬೀಳುತ್ತವೆ. ಬೀಳುವ ಮೊದಲೇ ‘ಮನ್ ವಿಯೆನೋ ಉಶ್ತೆಕ್ಸ್’, ನನಗೆ ಒಂದು ಸಾಕು, ಎಂದುಬಿಡುವುದು ಒಳ್ಳೆಯದು. ಒಳಗಿನ ಹೂರಣ ಬಹುಪಾಲು ಮಾಂಸದ್ದಾಗಿರುತ್ತದೆ. ಸಸ್ಯಾಹಾರಿಗಳು ಮೊಸರುಗಿಣ್ಣಿನಂಥ ‘ವರ್ಶ್ಕೇ’ ತುಂಬಿದ್ದನ್ನು ಕೇಳಿ ಪಡೆಯಬಹುದು, ಮೇಲೆ ಹಂದಿಕೊಬ್ಬಿನ ಚೂರುಗಳನ್ನು ಹಾಕುವುದು ಬೇಡವೆಂಬುದನ್ನೂ ಆಗಲೇ ತಿಳಿಸಬೇಕು. ವಯಸ್ಸಾದವರ ಮನೆಗಳಲ್ಲಿ ‘ದಾರ್ ಕಾಸ್ನೇಲಿ?’, ಇನ್ನೊಂದು ತುತ್ತು, ಎಂಬ ಉಪಚಾರ ನಮ್ಮ ಕಡೆಯ ಪಂಕ್ತಿಯಲ್ಲಿ ‘ಸಂಕೋಚ ಮಾಡಿಕೊಳ್ಳಬೇಡಿ’ ಎಂದು ಬಡಿಸುವಷ್ಟೇ ಆಗ್ರಹದಿಂದ ನಡೆಯುತ್ತದೆ. ಕಿರಿಯರಲ್ಲಿ ಹಾಗಿಲ್ಲ. ನೀವು ಒಮ್ಮೆ ಸಾಕೆಂದರೆ ಅವರು ಅದನ್ನೇ ಕೊನೆಯ ಮಾತೆಂದು ತಿಳಿಯುತ್ತಾರೆ, ಆದ್ದರಿಂದ ನಮ್ಮ ರೂಢಿಯಂತೆ ಮತ್ತೊಮ್ಮೆ ಕೇಳಲಿ ಎಂದು ಬಾಯಿಮಾತಿಗೆ ಬೇಡ ಎಂದವರು ಹಸಿದುಕೊಂಡೇ ಮನೆಗೆ ಮರಳಬೇಕಾದೀತು.

ಕ್ರಿಸ್‌ಮಸ್ ಮುನ್ನಾದಿನವಾದ ಡಿಸೆಂಬರ್ 24ರ ‘ಕೂಚೋಸ್’ ಊಟದ ರೀತಿಯೇ ಬೇರೆ. ಅಂದಿನ ಮೇಜಿನ ಮೇಲೆ 12 ಬಗೆಯ ಭಕ್ಷ್ಯಗಳಿರುತ್ತವೆ; ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ, ಮೀನು ಇರುತ್ತದೆ. ಪ್ರತಿಯೊಂದನ್ನೂ ತುಸುವಾದರೂ ರುಚಿ ನೋಡಬೇಕೆಂಬುದು ಸಂಪ್ರದಾಯವಾದ್ದರಿಂದ ಅಲ್ಲಿ ಸಾಕೆನ್ನುವ ಬದಲು ‘ತ್ರುಪುತೀ’, ಸ್ವಲ್ಪ, ಎಂದು ಹೇಳಿ ಹಾಕಿಸಿಕೊಳ್ಳುವುದೇ ಗೌರವ. ಮೀನು ತಿನ್ನದವರು ಕಾರಣವನ್ನು ಮೊದಲೇ ತಿಳಿಸಿದರೆ ಯಾರಿಗೂ ಮುಜುಗರವಾಗದು. ಅರೆದ ಗಸಗಸೆಯ ಸಿಹಿ ಹಾಲಿನಲ್ಲಿ ನೆನೆಸಿದ ‘ಕುಚ್ಯುಕಾಯ್’ ಎಂಬ ಪುಟ್ಟ ಬಿಸ್ಕತ್ತುಗಳನ್ನಂತೂ, ಗಸಗಸೆ ಪಾಯಸ ಉಂಡು ಬೆಳೆದ ನಾವು ಬೇಡವೆನ್ನಲು ಕಾರಣವೇ ಇಲ್ಲ.

ಅಂಗಡಿಯಲ್ಲಿ ಕೆಲಸ ಸುಲಭ. ಗಲ್ಲಾದಲ್ಲಿರುವವರು ಚೀಲ ಬೇಕೇ ಎಂದರೆ ‘ನೆರೆಯ್ಕ್ಯ, ಆಚ್ಯೂ’, ಇನ್ನೇನು ಬೇಕೆಂದರೆ ‘ವಿಸ್ಕಸ್, ಆಚ್ಯೂ’, ಅಷ್ಟೇ, ಧನ್ಯವಾದ. ಗಾಜಿನ ಲೋಟಕ್ಕೆ ಮದ್ಯ ಸುರಿಯಲು ಬಂದವರಿಗೆ ‘ಆಶ್ ವೈರುವೊಯು’, ನಾನು ಕಾರು ಓಡಿಸಬೇಕು, ಎಂದರೆ ಯಾರೂ ಎರಡನೆಯ ಬಾರಿ ಒತ್ತಾಯಿಸುವುದಿಲ್ಲ.

ಇಲ್ಲಿ ಬರೆದಿರುವುದು ಹೆಚ್ಚಾಗಿ ವಿಲ್ನಿಯಸ್ ಮತ್ತು ಕೌನಸ್ ನಗರಗಳ ಮಾತು. ಪಶ್ಚಿಮದ ಜ಼ೆಮೈತಿಯಾ ಪ್ರಾಂತ್ಯದ ಆಡುನುಡಿ ಬಹಳ ಬೇರೆಯಾಗಿರುವುದರಿಂದ, ಕ್ಲೈಪೆಡಾ ಮತ್ತು ತೆಲ್ಶೇ ಕಡೆಯ ಸದಸ್ಯರು ತಮ್ಮ ನೆರೆಹೊರೆಯಲ್ಲಿ ಕೇಳಿದ ರೂಪಗಳನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಇಲ್ಲಿನ ಶಿಶುವಿಹಾರಗಳಿಗೆ ಹೋಗುವ ನಮ್ಮ ಮಕ್ಕಳನ್ನೂ ದಯವಿಟ್ಟು ಕೇಳಿ; ಊಟದ ಹೊತ್ತಿನ ಮಾತುಗಳನ್ನು ಅವರು ನಮಗಿಂತ ಹೆಚ್ಚು ಕೇಳುತ್ತಾರೆ.