ಕುಜ ಅಸ್ತನಾಗಿದ್ದ ದಿನಗಳು

ಅರ್ಕೇಡಿಯಾ ಬಯಲು, ಮಂಗಳ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ಎರಡು ವಾರ ನನ್ನಿಂದ ಪತ್ರ ಬರದಿದ್ದುದಕ್ಕೆ, ಭೂಮಿಗೂ ಮಂಗಳಕ್ಕೂ ನಡುವೆ ಸೂರ್ಯ ಅಡ್ಡ ಬಂದುದೇ ಕಾರಣವೆಂದು ನಿಮಗೆ ತಿಳಿಸಿರುತ್ತಾರೆ. ಅದು ಸುಳ್ಳಲ್ಲ. ಅಜ್ಜಿಯ ಪಂಚಾಂಗದಲ್ಲಿ 'ಕುಜ ಅಸ್ತ' ಎಂದು ಅಚ್ಚಾಗುವುದು ಇದೇ ಸಂಗತಿ. 2015ರ ಜೂನ್‌ನಲ್ಲಿ ನಮ್ಮ ಮಂಗಳಯಾನ ನೌಕೆಯೂ ಹೀಗೆಯೇ ಸುಮಾರು ಎರಡು ವಾರ ಮಾತಿಲ್ಲದೆ ಸುತ್ತಿತ್ತು. ಆದರೆ ಅದು ಅರ್ಧ ನಿಜ. ಮೌನ ಶುರುವಾದ ಎರಡನೆಯ ದಿನ, ಹಿಮ ಕೊರೆಯುವ ತಂಡದ ಮೂವರು ನಮ್ಮ ಗಾಳಿಯಂತ್ರದ ಎಂಜಿನಿಯರನ್ನು ನೀರು ಶುದ್ಧಿ ಮಾಡುವ ಕೋಣೆಯಲ್ಲಿ ಕೂಡಿಹಾಕಿ, ತಾವೂ ಒಳಗಿನಿಂದ ಚಿಲಕ ಹಾಕಿಕೊಂಡು ಒಂಬತ್ತು ದಿನ ಕೂತಿದ್ದರು. ಹೊರಗಿನಿಂದ ಅವರೊಡನೆ ಮಾತಾಡಿದವಳು ನಾನು. ಈಗ ಎಂಜಿನಿಯರು ಹೊರಬಂದಿದ್ದಾರೆ, ಯಾರ ಜೀವಕ್ಕೂ ಅಪಾಯವಾಗಿಲ್ಲ. ಅಮ್ಮನಿಗೆ ಓದಿ ಹೇಳುವಾಗ ಈ ಮಾತನ್ನೇ ಮೊದಲು ಹೇಳಿ, ಉಳಿದದ್ದನ್ನು ನಿಧಾನವಾಗಿ ಓದಿರಿ.

ಇಲ್ಲಿಯ ಬದುಕು ಎಷ್ಟು ಬಿಗಿಯಾಗಿದೆ ಎಂಬುದನ್ನು ಈವರೆಗೆ ನಿಮಗೆ ಪೂರ್ತಿ ಬರೆದಿರಲಿಲ್ಲ. ಹೋದ ಬಾರಿ ಬರಬೇಕಾಗಿದ್ದ ಎರಡು ಸರಕು ನೌಕೆಗಳಲ್ಲಿ ಒಂದು ಇಳಿಯುವಾಗ ಒಡೆದುಹೋಯಿತು. ಭೂಮಿಯಿಂದ ಇಲ್ಲಿಗೆ ಹೊರಡುವ ಅವಕಾಶ ಬರುವುದೇ 26 ತಿಂಗಳಿಗೊಮ್ಮೆ. ಆದ್ದರಿಂದ ಒಡೆದದ್ದಕ್ಕೆ ಬದಲಿ ನಾಳೆ ಬರುವುದಿಲ್ಲ. ಉಸಿರಾಡುವುದಕ್ಕೂ ಯಂತ್ರವೇ ಬೇಕು. ಹಿಂದೆ ಪರ್ಸಿವರೆನ್ಸ್ ರೋವರಿನಲ್ಲಿದ್ದ ಒಂದು ಸಣ್ಣ ಪೆಟ್ಟಿಗೆ ಇಲ್ಲಿಯ ಇಂಗಾಲದ ಡೈಆಕ್ಸೈಡಿನಿಂದ ಎರಡು ವರ್ಷಗಳಲ್ಲಿ ಒಟ್ಟು 122 ಗ್ರಾಂ ಆಮ್ಲಜನಕ ತೆಗೆದಿತ್ತು. ಒಬ್ಬ ಮನುಷ್ಯನಿಗೆ ಒಂದು ದಿನಕ್ಕೆ ಸುಮಾರು 840 ಗ್ರಾಂ ಬೇಕು. ನಾವು ಅರವತ್ತೊಂದು ಜನರಿದ್ದೇವೆ. ಆ ಪೆಟ್ಟಿಗೆಯ ಮರಿಮಕ್ಕಳಂತಿರುವ ದೊಡ್ಡ ಯಂತ್ರಗಳು ನಮ್ಮಲ್ಲಿವೆ, ಆದರೆ ಅವುಗಳ ಬಿಡಿಭಾಗಗಳು ಒಡೆದ ನೌಕೆಯಲ್ಲಿದ್ದವು. ಎಲ್ಲರ ಊಟವನ್ನೂ ದಿನಕ್ಕೆ 2,400 ಕ್ಯಾಲೊರಿಯಿಂದ 1,900ಕ್ಕೆ ಇಳಿಸಿದ್ದೆವು.

'ಎಲ್ಲರ ಊಟವನ್ನೂ' ಎಂದೆನಲ್ಲ, ಜಗಳದ ಬೇರು ಇರುವುದು ಅಲ್ಲಿಯೇ. ಪಡಿತರದ ಪುಸ್ತಕ ಬರೆಯುವವಳು ನಾನೇ ಎಂಬುದು ನಿಮಗೆ ಗೊತ್ತು. ಕೊರೆಯುವ ತಂಡದವರು ದಿನಕ್ಕೆ ಆರು ಗಂಟೆ ದಪ್ಪ ಪೋಷಾಕಿನೊಳಗೆ ಬಗ್ಗಿ ಮಂಜುಗಡ್ಡೆ ಒಡೆಯುತ್ತಾರೆ. ನಾನು ಕುರ್ಚಿಯ ಮೇಲೆ ಕುಳಿತು ಅಂಕಿ ಬರೆಯುತ್ತೇನೆ. ಇಬ್ಬರಿಗೂ ಒಂದೇ ಅಳತೆಯ ಊಟ. ಪೋಷಾಕಿನ ಗಂಟೆಗಳ ಲೆಕ್ಕ ಬೇರೊಂದು ಪುಸ್ತಕದಲ್ಲಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದರೆ ಸತ್ಯ ಹೊಳೆಯುತ್ತಿತ್ತು, ನಾನು ನೋಡಲಿಲ್ಲ. ಕಂಬಸಾಲುಗಳೆಲ್ಲ ಸಮನಾಗಿ ಕೂಡಿಬರುವುದನ್ನು ಕಂಡು ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು, ಅಪ್ಪ.

ಇದರ ಮೇಲೆ, ಎಂಟು ತಿಂಗಳ ನಂತರ ಹೊರಡಲಿರುವ ಮರಳುನೌಕೆಯಲ್ಲಿ ಹನ್ನೆರಡು ಜನರಿಗೆ ಜಾಗವೆಂದೂ, ಅವರು ಇಂಥಿಂಥವರೆಂದೂ ಭೂಮಿಯಿಂದ ಪಟ್ಟಿ ಬಂತು. ಅದರಲ್ಲಿ ಕೊರೆಯುವ ತಂಡದವರು ಒಬ್ಬರೂ ಇರಲಿಲ್ಲ. ಆ ತಂಡದಲ್ಲಿ ಒಬ್ಬನಿಗೆ ಎರಡು ಸಲ ಮೂತ್ರಪಿಂಡದಲ್ಲಿ ಕಲ್ಲಾಗಿ, ನೋವಿಗೆ ಗೋಡೆ ಗುದ್ದುತ್ತಿದ್ದುದನ್ನು ನಾವೆಲ್ಲರೂ ಕೇಳಿದ್ದೆವು. ಬಾಹ್ಯಾಕಾಶದಲ್ಲಿ ಮೂಳೆಯ ಸುಣ್ಣ ಕರಗಿ ಮೂತ್ರಕ್ಕಿಳಿಯುವುದರಿಂದ ಹೀಗಾಗುತ್ತದೆಂದು ವೈದ್ಯೆ ಹೇಳುತ್ತಾರೆ. ಪಟ್ಟಿಯಲ್ಲಿ ನನ್ನ ಹೆಸರಿತ್ತು. ತಮ್ಮನ ಮದುವೆಗೆ ಬರುತ್ತೇನೆಂದು ಹಿಂದಿನ ಪತ್ರದಲ್ಲಿ ಸಂಭ್ರಮದಿಂದ ಬರೆದದ್ದು ಆ ಬಲದ ಮೇಲೆಯೇ.

ಮೂರನೆಯ ದಿನ ಬೆಳಿಗ್ಗೆ ಕೋಣೆಯ ಒಳಗಿನಿಂದ ಬಂದ ಮೊದಲ ಮಾತು, "ಲೆಕ್ಕದವಳನ್ನು ಕಳಿಸಿ" ಎಂಬುದು. ನೆಲೆಯ ಮುಖ್ಯಸ್ಥರು ತಾವೇ ಮಾತಾಡಲು ಹೊರಟಿದ್ದರು, ವೈದ್ಯೆ ತಡೆದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಒತ್ತೆಯಾಳು ದುರಂತದ ನಂತರ, 1973ರಲ್ಲಿ ನ್ಯೂಯಾರ್ಕ್ ಪೊಲೀಸರು ಒತ್ತೆಯಾಳು ಸಂಧಾನಕ್ಕೆಂದೇ ತಂಡ ಕಟ್ಟಿದಾಗ ಊರಿದ ನಿಯಮವೊಂದಿದೆಯಂತೆ: ಅಪ್ಪಣೆ ಕೊಡುವ ಅಧಿಕಾರವಿರುವವನು ಸಂಧಾನಕ್ಕೆ ಕೂಡಬಾರದು, ಸಂಧಾನಕ್ಕೆ ಕೂತವನಿಗೆ ಅಪ್ಪಣೆ ಕೊಡುವ ಅಧಿಕಾರವಿರಬಾರದು. ಆಗ "ಕೇಳಿ ಹೇಳುತ್ತೇನೆ" ಎಂದು ಹೊತ್ತು ಗಳಿಸಬಹುದು, ಮತ್ತು ಹೊತ್ತು ಕಳೆದಂತೆ ಬಾಗಿಲ ಎರಡೂ ಕಡೆ ರಕ್ತ ತಣ್ಣಗಾಗುತ್ತದೆ. ನನಗೆ ನಗು ಬಂತು. ಹೆಣ್ಣು ನೋಡಿ ಹೋಗುವವರು "ಮನೆಯಲ್ಲಿ ಕೇಳಿ ಹೇಳ್ತೀವಿ" ಎಂದು ಎದ್ದು ಹೋಗುವುದನ್ನು ನಮ್ಮ ಜಗುಲಿಯ ಮೇಲೆ ಎಷ್ಟು ಸಲ ನೋಡಿಲ್ಲ! ವ್ಯತ್ಯಾಸವಿಷ್ಟೆ: ಬೇರೆ ದಿನಗಳಲ್ಲಿ ಭೂಮಿಯನ್ನು ಕೇಳಬಹುದಿತ್ತು, ಒಂದು ಮಾತು ಹೋಗಲು ಹೆಚ್ಚೆಂದರೆ 22 ನಿಮಿಷ, ಉತ್ತರ ಬರಲು ಮತ್ತೆ ಅಷ್ಟೇ. ಈಗ ಕೇಳುವುದಕ್ಕೆ ಮನೆಯೇ ಇರಲಿಲ್ಲ. ಇದ್ದ ಅರವತ್ತೊಂದು ಜನರೇ ಮನೆ.

ಆ ರಾತ್ರಿ ನನಗೆ ನೀವು ಹೇಳುತ್ತಿದ್ದ ಕಥೆಯೇ ನೆನಪಾಯಿತು. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ರಾಜಕುಮಾರ್ ಅವರನ್ನು ಕಾಡಿಗೆ ಕರೆದೊಯ್ದಾಗ ನಿಮಗಿನ್ನೂ ಹತ್ತು ವರ್ಷ. ಶಾಲೆ ಮುಚ್ಚಿತ್ತು, ಬಸ್ಸು ನಿಂತಿತ್ತು, ತಾತ ರೇಡಿಯೊ ಬಿಟ್ಟು ಕದಲುತ್ತಿರಲಿಲ್ಲ ಎನ್ನುತ್ತಿದ್ದಿರಿ. ಕಾಡಿನಿಂದ ಕ್ಯಾಸೆಟ್ಟಿನಲ್ಲಿ ಮಾತು ಬರುವುದು, ಪತ್ರಕರ್ತ ನಕ್ಕೀರನ್ ಗೋಪಾಲ್ ಸಂಧಾನಕ್ಕೆಂದು ಮತ್ತೆ ಮತ್ತೆ ಕಾಡಿಗೆ ಹೋಗಿ ಬರುವುದು, ವೀರಪ್ಪನ್ ಕೇಳಿದ ಕೈದಿಗಳನ್ನು ಬಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಸರ್ಕಾರದ ಕೈ ಹಿಡಿಯುವುದು, ಕೊನೆಗೆ 108 ದಿನಗಳಾದ ಮೇಲೆ ನವೆಂಬರ್ 15ರಂದು ಅಣ್ಣಾವ್ರು ಹೊರಬರುವುದು. ಆ ಕಥೆ ಅಲ್ಲಿಗೆ ಮುಗಿದರೆ ಚೆನ್ನಾಗಿರುತ್ತಿತ್ತು. ಆದರೆ ನೀವು ಪ್ರತಿ ಸಲವೂ ಎರಡು ವರ್ಷದ ನಂತರದ್ದನ್ನೂ ಸೇರಿಸುತ್ತಿದ್ದಿರಿ: 2002ರ ಆಗಸ್ಟ್ 25ರಂದು ನಮ್ಮದೇ ಜಿಲ್ಲೆಯ ಕಾಮಗೆರೆಯಿಂದ ಒಯ್ದ ಮಾಜಿ ಸಚಿವ ನಾಗಪ್ಪನವರು ಡಿಸೆಂಬರ್ 8ರಂದು ಶವವಾಗಿ ಸಿಕ್ಕರು. ಒಯ್ದವನು ಅವನೇ, ಕಾಡು ಅದೇ. ಒಬ್ಬರು ಬಂದರು, ಒಬ್ಬರು ಬರಲಿಲ್ಲ. ಏನು ಕೊಟ್ಟು ಬಿಡಿಸಿಕೊಂಡರು ಎಂಬ ಪ್ರಶ್ನೆಗೆ ನಮ್ಮೂರಿನ ಅಂಗಡಿ ಕಟ್ಟೆಯ ಮೇಲೆ ಒಬ್ಬೊಬ್ಬರದೂ ಒಂದೊಂದು ಉತ್ತರವಾಗಿತ್ತು. ಈ ಪತ್ರ ಓದುತ್ತಿರುವ ನಿಮಗೂ ಅದೇ ಪ್ರಶ್ನೆ ಬಂದಿರುತ್ತದೆ. ಅದಕ್ಕೆ ಬರುತ್ತೇನೆ.

ಕಾಡಿಗೂ ನಮ್ಮ ಕೋಣೆಗೂ ಒಂದು ದೊಡ್ಡ ಅಂತರವಿತ್ತು: ಇಲ್ಲಿ ಒತ್ತೆಯಾಳೂ ಒತ್ತೆ ಇಟ್ಟುಕೊಂಡವರೂ ಅದೇ ಕೊಳವೆಯ ಗಾಳಿ ಕುಡಿಯಬೇಕು. ಬಾಗಿಲಿನ ಪಕ್ಕದಲ್ಲಿ ಅಂಗೈಯಗಲದ ಒಂದು ಮಾಪಕವಿದೆ. ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆಯೆಂದು ಹಸಿರು ಅಂಕಿಯಲ್ಲಿ ತೋರಿಸುತ್ತದೆ. ಸಾಮಾನ್ಯವಾಗಿ ಶೇಕಡ 0.5ರ ಆಸುಪಾಸಿನಲ್ಲಿರುವುದು ಐದನೆಯ ದಿನ 1.8ಕ್ಕೆ ಏರಿ ಹಳದಿಯಾಯಿತು, ಆರನೆಯ ದಿನ 2.6. ಕೊರೆಯುವವರ ಪೋಷಾಕಿನ ಕೆಂಧೂಳು ಕೊಳವೆಯ ಫಿಲ್ಟರಿಗೆ ಮೆತ್ತಿಕೊಂಡಿತ್ತು. ಹೊರಗಿದ್ದವರಲ್ಲಿ ಕೆಲವರಿಗೆ ಇದು ವರವಾಗಿ ಕಂಡಿತು. ಫ್ಯಾನನ್ನೂ ನಿಲ್ಲಿಸಿಬಿಟ್ಟರೆ ತಾವಾಗಿಯೇ ಮಂಕಾಗಿ ಬೀಳುತ್ತಾರೆ, ಆಗ ಬಾಗಿಲು ಕೊಯ್ದು ಒಳನುಗ್ಗಬಹುದು ಎಂದರು. ಯಾರು ಮೊದಲು ಬೀಳುತ್ತಾರೆ ಎಂದು ವೈದ್ಯೆ ಕೇಳಿದಾಗ ಉತ್ತರ ಬರಲಿಲ್ಲ. ಒಳಗಿದ್ದ ನಾಲ್ವರಲ್ಲಿ ಐವತ್ತೆಂಟು ವರ್ಷದವರು, ರಕ್ತದೊತ್ತಡದ ಮಾತ್ರೆ ನುಂಗುವವರು ಎಂಜಿನಿಯರು ಒಬ್ಬರೇ. ಅಷ್ಟರಲ್ಲಿ ನನಗೆ ಮತ್ತೊಂದು ಹೊಳೆಯಿತು. ಹಿಂದಿನ ಎರಡು ರಾತ್ರಿ ಒಳಗಿನವರು ಕೂಗಾಡಿ ಮಾತು ಮುರಿದದ್ದು ಸಿಟ್ಟಿನಿಂದ ಎಂದುಕೊಂಡಿದ್ದೆ. ಅದರಲ್ಲಿ ಅರ್ಧ ಈ ಗಾಳಿ ತಂದ ತಲೆನೋವು.

ಆದ್ದರಿಂದ ಆರನೆಯ ದಿನ ನಾನು ಬೇಡಿಕೆಗಳ ಮಾತನ್ನೇ ಎತ್ತಲಿಲ್ಲ. ಮಾಪಕದ ಅಂಕಿಯನ್ನು ಓದಿ ಹೇಳಿದೆ. ಫ್ಯಾನ್ ನಿಲ್ಲಿಸಬೇಕೆಂಬ ಸಲಹೆ ಬಂದದ್ದನ್ನೂ, ಅದಕ್ಕೆ ನಾವು ಒಪ್ಪದೆ ವೇಗ ಹೆಚ್ಚಿಸಿದ್ದನ್ನೂ ಮುಚ್ಚಿಡದೆ ಹೇಳಿದೆ. ಸಣ್ಣ ಸಾಮಾನು ದಾಟಿಸುವ ಎರಡು ಬಾಗಿಲಿನ ಕಿಂಡಿಯಲ್ಲಿ ಮಾತ್ರೆಗಳನ್ನೂ ಒಂದು ಹೊಸ ಫಿಲ್ಟರನ್ನೂ ಇಟ್ಟೆ. ಪ್ರತಿಯಾಗಿ ಎಂಜಿನಿಯರ ದನಿ ಕೇಳಬೇಕೆಂದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕಿಂಡಿಯ ಒಳಬಾಗಿಲು ತೆರೆದ ಸದ್ದು, ಅದರ ಹಿಂದೆಯೇ ಅವರ ದನಿ, ನನಗಲ್ಲ, ಒಳಗಿನವರಿಗೆ: "ಎಡಗಡೆ ತಿರುಗಿಸಪ್ಪಾ, ಎಡಗಡೆ. ತಿರುಪು ಸವೆದುಹೋದರೆ ಎಲ್ಲರೂ ಹೋಗುತ್ತೇವೆ." ತಮ್ಮನ್ನು ಕೂಡಿಹಾಕಿದವರಿಗೆ ಉಸಿರಾಡುವ ದಾರಿಯನ್ನು ಅವರೇ ಕೂತು ಕಲಿಸಿದರು. ಎರಡು ಗಂಟೆಯಲ್ಲಿ ಅಂಕಿ 1.1ಕ್ಕಿಳಿದು ಮತ್ತೆ ಹಸಿರಾಯಿತು. ಅಂದು ರಾತ್ರಿ ಯಾರೂ ಕೂಗಾಡಲಿಲ್ಲ.

ಏಳನೆಯ ದಿನ ಎರಡು ಪುಸ್ತಕಗಳನ್ನೂ ಬಾಗಿಲ ಮುಂದೆ ತಂದಿಟ್ಟುಕೊಂಡು ಕುಳಿತೆ. ಪಡಿತರದ ಸಾಲು ಒಂದು, ಪೋಷಾಕಿನ ಗಂಟೆಯ ಸಾಲು ಒಂದು, ಒಂದೊಂದೇ ದಿನದ್ದನ್ನು ಗಟ್ಟಿಯಾಗಿ ಓದಿದೆ. ಮುಖ್ಯಸ್ಥರೂ ಉಳಿದವರೂ ನಡುವಣ ಹಾದಿಯಲ್ಲಿ ನಿಂತು ಕೇಳಿದರು. ನಾಲ್ಕು ತಿಂಗಳ ಲೆಕ್ಕ ಓದಲು ಬೆಳಗಿನಿಂದ ಸಂಜೆಯಾಯಿತು, ಗಂಟಲು ಕಟ್ಟಿತು. ಒಳಗಿನವರಿಗೆ ಅದರಲ್ಲಿ ಗೊತ್ತಿಲ್ಲದ್ದೇನೂ ಇರಲಿಲ್ಲ, ಅವರ ಹೊಟ್ಟೆಗೆ ಗೊತ್ತಿತ್ತು. ಗೊತ್ತಾಗಬೇಕಾಗಿದ್ದದ್ದು ಹಾದಿಯಲ್ಲಿ ನಿಂತವರಿಗೆ, ಮತ್ತು ನನಗೆ. ಕೊನೆಯಲ್ಲಿ, ಮರಳುವ ಪಟ್ಟಿಯಲ್ಲಿ ನನ್ನ ಹೆಸರಿದೆ, ಆದ್ದರಿಂದ ಈ ಮಾತುಕತೆಯಲ್ಲಿ ನನಗೂ ಸ್ವಾರ್ಥವಿದೆ ಎಂದೂ ಹೇಳಿದೆ. "ಅದು ಗೊತ್ತಿದ್ದೇ ನಿಮ್ಮನ್ನು ಕರೆದದ್ದು" ಎಂದು ಒಳಗಿನಿಂದ ಉತ್ತರ ಬಂತು.

ಈಗ ನಿಮ್ಮ ಪ್ರಶ್ನೆ, ಏನು ಕೊಟ್ಟು ಬಿಡಿಸಿಕೊಂಡೆವು ಎಂಬುದು. ಕೊರೆಯುವವರಿಗೆ ಕೆಲಸದ ದಿನಗಳಲ್ಲಿ 500 ಕ್ಯಾಲೊರಿ ಹೆಚ್ಚು, ಅದು ನಮ್ಮೆಲ್ಲರ ತಟ್ಟೆಯಿಂದ. ಭೂಮಿಯಿಂದ ಬಂದ ಪಟ್ಟಿ ರದ್ದು. ಹನ್ನೆರಡು ಜಾಗಗಳಲ್ಲಿ ಎರಡು ವೈದ್ಯೆಯ ಮಾತಿನಂತೆ ರೋಗಿಗಳಿಗೆ, ಉಳಿದ ಹತ್ತು ಎಲ್ಲರ ನಡುವೆ ಚೀಟಿ ಎತ್ತಿ. ಕೂಡಿಹಾಕಿದ ಮೂವರು ಚೀಟಿಯಲ್ಲಿ ಸೇರುವಂತಿಲ್ಲ, ಭೂಮಿಗೆ ಮರಳಿದ ದಿನ ವಿಚಾರಣೆಗೆ ನಿಲ್ಲಬೇಕು. ಇದನ್ನು ಅವರೇ ಒಪ್ಪಿದರು. ಕಲ್ಲಿನ ನೋವಿನವನಿಗೆ ಜಾಗ ಸಿಕ್ಕಿದರೆ ಸಾಕೆಂದರು. ಅವನು ಆ ಮೂವರಲ್ಲಿ ಇರಲಿಲ್ಲ, ಅವನನ್ನು ಕೇಳಿಯೂ ಇರಲಿಲ್ಲ. ಸುದ್ದಿ ಕೇಳಿ ಅವನು ಅತ್ತದ್ದು ಸಂತೋಷಕ್ಕೋ ನಾಚಿಕೆಗೋ ನನಗೆ ತಿಳಿಯಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಚಿಲಕ ತೆರೆಯಿತು. ಎಂಜಿನಿಯರು ಹೊರಬಂದವರೇ ಮೊದಲು ಮಾಪಕದ ಅಂಕಿ ನೋಡಿದರು.

ಸೂರ್ಯ ಸರಿದ ಮೇಲೆ ಭೂಮಿಗೆ ಎಲ್ಲವನ್ನೂ ತಿಳಿಸಿದೆವು. ಅವರು ಮೂರು ದಿನ ಉತ್ತರಿಸಲಿಲ್ಲ. ಆಮೇಲೆ ಅಸಮಾಧಾನದಿಂದಲೇ ಒಪ್ಪಿದರು. ಬಾಗಿಲು ಹಾಕಿಕೊಂಡವನಿಗೆ ಕೇಳಿದ್ದು ಸಿಕ್ಕರೆ ನಾಳೆ ಇನ್ನೊಬ್ಬ ಬಾಗಿಲು ಹಾಕಿಕೊಳ್ಳುವುದಿಲ್ಲವೇ ಎಂಬುದು ಅವರ ಆಕ್ಷೇಪ. 2000ದಲ್ಲಿ, ವೀರಪ್ಪನ್ ಕೈಯಲ್ಲಿ ಮಗನನ್ನು ಕಳೆದುಕೊಂಡಿದ್ದ ತಂದೆಯೊಬ್ಬರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ ಎತ್ತಿದ ತಕರಾರಿಗೂ ಇದಕ್ಕೂ ಹೆಚ್ಚು ದೂರವಿಲ್ಲ, ಮತ್ತು ಅದು ತಪ್ಪು ತಕರಾರಲ್ಲ. ಆ ಊಟ ಬಾಗಿಲು ಹಾಕುವ ಮೊದಲೇ ಅವರಿಗೆ ಸಲ್ಲಬೇಕಾಗಿತ್ತು ಎಂದಷ್ಟೇ ನಾನು ಬರೆದೆ. ಎಂಜಿನಿಯರು ಮಾತ್ರ ಇನ್ನೂ ಮೊದಲಿನಂತಾಗಿಲ್ಲ. ಮಲಗುವ ಕೋಣೆಯ ಬಾಗಿಲು ಮುಚ್ಚಲು ಬಿಡುವುದಿಲ್ಲ, ಆ ಮೂವರೊಡನೆ ಕೆಲಸಕ್ಕೆ ಬೇಕಾದ ಮಾತು ಬಿಟ್ಟು ಬೇರೆ ಆಡುವುದಿಲ್ಲ. ಇಲ್ಲಿ ಸೆರೆಮನೆಯಿಲ್ಲ. ಅದಕ್ಕೆ ಗಾಳಿ ತುಂಬುವ ಶಕ್ತಿಯೂ ನಮಗಿಲ್ಲ. ಆ ಮೂವರು ಮರುದಿನವೇ ಹಿಮ ಕೊರೆಯಲು ಹೋದರು, ಜೊತೆಗೊಬ್ಬ ಕಾವಲಿನವನೊಂದಿಗೆ.

ಇನ್ನು ಚೀಟಿಯ ಮಾತು. ಕಾಗದ ಹಾಳು ಮಾಡುವುದು ಬೇಡವೆಂದು ಮಣ್ಣಿನ ಮಾದರಿ ತುಂಬುವ ಸೀಸೆಗಳ ಮುಚ್ಚಳಗಳನ್ನು ಒಂದು ಚೀಲಕ್ಕೆ ಹಾಕಿದ್ದರು. ನೀಲಿ ಬಂದರೆ ಹೊರಡುವುದು, ಬಿಳಿ ಬಂದರೆ ಉಳಿಯುವುದು. ನನಗೆ ಬಿಳಿ ಬಂತು. ಈ ಒಂದು ಸಾಲು ಬರೆಯಲಾಗದೆಯೇ ಇಷ್ಟು ಉದ್ದ ಬರೆದೆನೋ ಏನೋ, ಅಪ್ಪ. ತಮ್ಮನ ಮದುವೆಯ ಮುಹೂರ್ತವನ್ನು ನನಗಾಗಿ ಮುಂದೂಡುವುದು ಬೇಡ. ಈ ನೌಕೆ ಬಿಟ್ಟರೆ ಮುಂದಿನದು ಇರುವುದು ಅದು ಹೊರಟು ಇನ್ನೂ 26 ತಿಂಗಳಾದ ಮೇಲೆ, ಅಷ್ಟು ದಿನ ಬೀಗರು ಕಾಯಲಾರರು. ಜಾತಕದಲ್ಲಿ ಕುಜದೋಷವಿದೆಯೇ ಎಂದು ಅವರು ವಿಚಾರಿಸುತ್ತಿದ್ದರಲ್ಲ, ಹುಡುಗನ ಅಕ್ಕ ಕುಜನ ಮೇಲೆಯೇ ಇನ್ನು ಹೆಚ್ಚುಕಡಿಮೆ ಮೂರು ವರ್ಷ ಕೂತಿರುತ್ತಾಳೆಂದು ಹೇಳಿಬಿಡಿ.

ಅಮ್ಮನಿಗೆ: ಸಾರಿನ ಪುಡಿ ಎರಡು ಚಮಚ ಉಳಿದಿದೆ, ಮದುವೆಯ ದಿನಕ್ಕೆಂದು ಎತ್ತಿಟ್ಟಿದ್ದೇನೆ. ಈ ಪತ್ರ ಬೆಂಗಳೂರಿನ ಬಳಿಯ ಬ್ಯಾಲಾಳಿನ ಆ ದೊಡ್ಡ ತಟ್ಟೆಯಾಕಾರದ ಆಂಟೆನಾಕ್ಕೆ ಬಂದು ಬಿದ್ದು ಅಲ್ಲಿಂದ ನಿಮಗೆ ಸೇರುತ್ತದೆ. ಧಾರೆಯ ಹೊತ್ತು ನಿಖರವಾಗಿ ಎಷ್ಟು ಗಂಟೆಗೆಂದು ತಿಳಿಸಿರಿ. ಬೆಳಕು ಇಲ್ಲಿಗೆ ಬರುವ ನಿಮಿಷಗಳನ್ನು ಕೂಡಿಸಿಕೊಂಡು ನಾನು ಎದ್ದು ಕುಳಿತಿರುತ್ತೇನೆ.

ಅಜ್ಜಿಗೂ ಅಮ್ಮನಿಗೂ ನನ್ನ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ಇಂತಿ ನಿಮ್ಮ ಪ್ರೀತಿಯ ಮಗಳು