ಡಬ್ಬಿ ಮುಚ್ಚಳ ನನ್ನ ಹತ್ತಿರವೇ ಇದೆ, ಕಾಕಾ

ನಿಮ್ಮ ಹೆಸರು ಕೇಳಲಿಲ್ಲ, ತಪ್ಪಾಯ್ತು. 2023ರ ಡಿಸೆಂಬರ್. ಕುಡಿತದಿಂದ ಕೆಲಸ ಹೋಗಿತ್ತು, ಮನೆಯಲ್ಲಿ ಜಗಳ ಮಾಡಿಕೊಂಡು ಬಂದು ಹುಬ್ಬಳ್ಳಿ ರೈಲ್ವೆ ಸ್ಟೇಷನ್ ಹೊರಗೆ ಮಲಗುತ್ತಿದ್ದೆ. ಒಳಗೆ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ ನಿಜ, ಟಿಕೆಟ್ ಇಲ್ಲದವನಿಗೆ ಅದರಿಂದೇನು ಅಲ್ವಾ?

ಥಂಡಿ ಜಾಸ್ತಿ ಇದ್ದ ರಾತ್ರಿ ನೀವು ಸ್ಟೀಲ್ ಡಬ್ಬಿ, ಫ್ಲಾಸ್ಕ್ ಹಿಡಿದು ಬಂದಿರಿ. ಎದುರಿಗೆ ನಿಲ್ಲಲಿಲ್ಲ, ಪಕ್ಕದಲ್ಲೇ ನೆಲಕ್ಕೆ ಕೂತಿರಿ. ನನ್ನ ಕೈ ನಡುಗುತ್ತಿತ್ತು, ಚಹಾ ಮುಗಿಯುವವರೆಗೂ ಕಪ್ ನೀವೇ ಹಿಡಿದಿದ್ದಿರಿ. ಕೊರಳಲ್ಲಿ ಕಪ್ಪು ದಾರಕ್ಕೆ ಪುಟ್ಟ ಶಿಲುಬೆ. ಈಗ ಪ್ರವಚನ ಶುರು ಅಂದುಕೊಂಡೆ. "ಮೊದಲು ಉಣ್ಣು ತಮ್ಮಾ" ಅಂದಿರಿ, ಅಷ್ಟೇ. ರೊಟ್ಟಿ, ಬದನೆಕಾಯಿ ಪಲ್ಯ, ಅಂಚಿಗೆ ಶೇಂಗಾ ಚಟ್ನಿ.

ಉಂಡಾದ ಮೇಲೆ, ನೀವೂ ಒಂದು ಕಾಲಕ್ಕೆ ಕುಡಿದು ಬೀದಿಗೆ ಬಿದ್ದಿದ್ದವರು ಅಂದಿರಿ. ಲೂಕನ ಸುವಾರ್ತೆಯ 15ನೇ ಅಧ್ಯಾಯದ ಮಗನ ಕಥೆ ಹೇಳಿದಿರಿ, ಆಸ್ತಿ ಹಾಳು ಮಾಡಿ ಹಂದಿ ಮೇಯಿಸಿದವನು, ಅವನು ಇನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿ ಬಂದದ್ದು. ನಮ್ಮಪ್ಪ ಓಡಲ್ಲ ರೀ, ಮಂಡಿನೋವು ಅಂದೆ. ನೀವು ನಕ್ಕು ಫೋನ್ ಕೊಟ್ಟಿರಿ. ಅವ್ವ ಎತ್ತಿದಳು. ನಾನು ಅಳೋದು ಕೇಳಬಾರದು ಅಂತ ನೀವು ಹತ್ತು ಹೆಜ್ಜೆ ದೂರ ಹೋಗಿ ಸುಮ್ನೆ ಆಟೋಗಳನ್ನು ನೋಡುತ್ತಾ ನಿಂತಿರಿ.

ಕುಡಿತ ಬಿಟ್ಟಿದ್ದೇನೆ, ಒಮ್ಮೆ ಜಾರಿ ಮತ್ತೆ ಬಿಟ್ಟೆ. ಈಗ ಶನಿವಾರ ರಾತ್ರಿ ಅವ್ವ ಬಡಿದ ರೊಟ್ಟಿ ತಂದು ಅಲ್ಲೇ ಹಂಚುತ್ತೇನೆ. ಅವತ್ತು ಗಡಿಬಿಡಿಯಲ್ಲಿ ಡಬ್ಬಿ ಮುಚ್ಚಳ ಬಿಟ್ಟು ಹೋಗಿದ್ದಿರಿ. ಬಂದು ಒಯ್ಯಿರಿ, ಕಾಕಾ.